ಅಳೆದಷ್ಟೂ ಚಿಕ್ಕದಾದ ಅಣು

ಗೆಳೆಯರೇ, ನಾನು ಒಂದು ರಿಪೋರ್ಟಿಗೆ ಸಹಿ ಹಾಕಲ್ಲ ಅಂದಿದ್ದಕ್ಕೆ ಇವತ್ತು ಕಾರ್ಖಾನೆಯ ಲ್ಯಾಬಿನಲ್ಲಿ ದೊಡ್ಡ ರಂಪ.

ನನ್ನ ಕೆಲಸ ಇಷ್ಟೇ. ಹತ್ತಿಯ ಸೆಲ್ಯುಲೋಸಿನಿಂದ ಮಾಡಿದ ಅಂಟಿಗೆ ಎಂಜೈಮ್ ಹಾಕುವುದು, ಅದು ಉದ್ದನೆಯ ಅಣುಗಳನ್ನು ಎಷ್ಟು ಗಿಡ್ಡವಾಗಿ ಕತ್ತರಿಸಿದೆ ಎಂದು ಮಷೀನಿನಲ್ಲಿ ಅಳೆಯುವುದು. ಬೆಳಗ್ಗೆ ಒಂದೇ ಸ್ಯಾಂಪಲ್ಲನ್ನು ಮೂರು ಸಲ ಅಳೆದೆ. ಪ್ರತಿ ಸಲವೂ ಅಣು ಹಿಂದಿನದಕ್ಕಿಂತ ಚಿಕ್ಕದು!

"ಮಷೀನ್ ಹಳೇದು ಕಣಮ್ಮ, ಮೂರರ ಸರಾಸರಿ ಬರೆದು ಕಳ್ಸು," ಎಂದರು ಮ್ಯಾನೇಜರ್.

"ಆಗಲ್ಲ ಸರ್. ಯಾಕೆ ಹೀಗೆ ಅಂತ ಗೊತ್ತಾಗೋವರೆಗೂ ಸಹಿ ಹಾಕಲ್ಲ."

ಗಾಜಿನ ಸಾಮಾನು ತೊಳೆಯುತ್ತಿದ್ದ ಜಯಮ್ಮ ತಿರುಗಿದರು. ಅಕ್ಕೂರಿನವರು, ತವರಿನಲ್ಲಿ ರೇಷ್ಮೆ ನೂಲು ತೆಗೆದು ಬೆಳೆದವರು.

"ಆ ಕತ್ತರ್ಸೋ ಎಂಜೈಮು ಇನ್ನೂ ಜೀವ ಹಿಡ್ಕಂಡೈತಾ ಮೇಡಂ?"

"ಫ್ರಿಜ್ಜಲ್ಲಿ ಇಟ್ಟಿದ್ನಲ್ಲ ಜಯಮ್ಮ."

"ತಣ್ಣಗಿಟ್ರೆ ಸಾಯ್ತದಾ? ರೇಷ್ಮೆ ಗೂಡ್ನ ಹಬೆಗಿಟ್ಟು ಹುಳ ಸಾಯಿಸ್ದೆ ಮಡಗಿದ್ರೆ, ಚಿಟ್ಟೆ ತೂತು ಮಾಡ್ಕಂಡು ಆಚೆ ಬಂದ್ಬುಡ್ತದೆ. ನೂಲೆಲ್ಲ ತುಂಡು ತುಂಡು. ಒಸಿ ಬೇಯ್ಸಿ ನೋಡಿ."

ಹೊಸ ಸ್ಯಾಂಪಲ್ ಮಾಡಿದೆ. ಎಂಜೈಮ್ ಸಾಯಲೆಂದು ಕುದಿನೀರಿನಲ್ಲಿಟ್ಟೆ. ಊಟಕ್ಕೂ ಏಳದೆ ಮತ್ತೆ ಮೂರು ಸಲ ಅಳೆದೆ. ಅಂಕಿ ಕದಲಲಿಲ್ಲ. ಆಮೇಲೆಯೇ ಸಹಿ ಹಾಕಿದೆ.

"ಬೇಯಿಸ್ಬೇಕು ಅಂತ ಹೇಳಿದ್ದು ಯಾರು?" ಎಂದು ಮ್ಯಾನೇಜರ್ ಕೇಳಿದರು.

ಜಯಮ್ಮನ ಕಡೆ ಕೈ ತೋರಿಸಿದೆ. ಎಂ.ಎಸ್ಸಿ. ಪರೀಕ್ಷೆಯಲ್ಲಿ 'ಎಂಜೈಮಿನ ಕೆಲಸ ನಿಲ್ಲಿಸುವುದು ಹೇಗೆ?' ಎಂಬ ಪ್ರಶ್ನೆಗೆ ಐದಕ್ಕೆ ಐದು ಅಂಕ ತೆಗೆದಿದ್ದೆ ಎಂಬುದನ್ನು ಮಾತ್ರ ನಾನು ಬಾಯಿಬಿಡಲಿಲ್ಲ.