ಸೊಕ್ಕು ಎಲ್ಲಿ ಕಂಡಿ?

ನಮ್ಮ ಕಡೆ ಒಬ್ಬರ ಗುಣ ತೀರ್ಮಾನಿಸಲು ಅರ್ಧ ಬೀಡಿ ಮುಗಿಯುವಷ್ಟು ಹೊತ್ತೂ ಬೇಡ. ಬಟ್ಟೆ ಅಂಗಡಿಯವನಾದ ನನಗಂತೂ ಗಿರಾಕಿ ಚಪ್ಪಲಿ ಬಿಡುವುದರೊಳಗೆ ತಿಳಿದುಬಿಡುತ್ತದೆ: ಇವನು ಕಂಜೂಸ, ಇವಳು ಜಗಳಗಂಟಿ. ಹಾಗೆ ಅಂಟಿದ ಹೆಸರನ್ನು ತೊಳೆಯುವ ಸಾಬೂನು ಐನಾಪುರದ ಸಂತೆಗೆ ಇನ್ನೂ ಬಂದಿಲ್ಲ.

ನನ್ನ ಮಗಳು ಶಾಹೀನ್ ಇಲ್ಲೇ ಶಾಲೆಯಲ್ಲಿ ಮೂರನೆಯ ಇಯತ್ತೆಗೆ ಕಲಿಸುತ್ತಾಳೆ. ಮೊನ್ನೆ ಅವಳು ಮರೆತುಹೋದ ಕನ್ನಡಕ ಕೊಡಲು ಹೋದವನು ವರ್ಗದೊಳಗೆ ಹಿಂದಿನ ಗೋಡೆಗೊರಗಿ ಕುಳಿತುಬಿಟ್ಟೆ. ದಪ್ಪಕ್ಷರದ, ಪುಟ್ಟ ಪುಟ್ಟ ಅಧ್ಯಾಯಗಳ ಕತೆಪುಸ್ತಕವನ್ನು ಮಕ್ಕಳಿಗೆ ಓದಿ ಹೇಳುತ್ತಿದ್ದಳು. ಕತೆಯಲ್ಲಿ ಗಂಗಿ ಎಂಬ ಹುಡುಗಿ ತನ್ನ ಬುಟ್ಟಿಯನ್ನು ಯಾರಿಗೂ ಮುಟ್ಟಗೊಡುವುದಿಲ್ಲ. ಗಂಗಿಯದು ಎಂಥ ಗುಣ ಎಂದು ಶಾಹೀನ್ ಕೇಳಿದಳು.

"ಜಿಪುಣಿ ರೀ!" ಎಂದು ವರ್ಗವೇ ಕೂಗಿತು. ನಾನೂ ಮನಸ್ಸಿನಲ್ಲೇ ಕೂಗಿದೆ. ಮುಂದಿನ ಅಧ್ಯಾಯದಲ್ಲಿ ನೋಡಿದರೆ, ಬುಟ್ಟಿಯೊಳಗೆ ಇನ್ನೂ ಕಣ್ಣು ಬಿಡದ ಬೆಕ್ಕಿನ ಮರಿಗಳು! ಮಕ್ಕಳು ಮುಖಮುಖ ನೋಡಿಕೊಂಡು, "ಜಿಪುಣಿ ಅಲ್ರಿ, ಕಾಳಜಿ ಮಾಡಾಕಿ ರೀ" ಎಂದು ತಿದ್ದಿಕೊಂಡವು. ಭಲೆ! ತಪ್ಪಾಯಿತು ಎನ್ನಲು ನಾವು ದೊಡ್ಡವರು ಪಂಚರನ್ನು ಕೂಡಿಸುತ್ತೇವೆ. ಇವಕ್ಕೆ ಹಾಳೆ ತಿರುವಿದರೆ ಸಾಕು.

ಅಷ್ಟರಲ್ಲಿ ಲಕ್ಷ್ಮಿ ಎಂಬ ಚೂಟಿ ಹುಡುಗಿ ಕೈ ಎತ್ತಿದಳು. "ಅಕ್ಕೋರ, ನಮ್ಮ ಸಾವಿತ್ರಾ ಸೊಕ್ಕಿನಾಕಿ ರೀ. ಯಾರ ಕೂಡನೂ ಮಾತಾಡಂಗಿಲ್ಲ."

ಸಾವಿತ್ರಾ ಗಡಿಯಾಚೆಯ ಮರಾಠಿ ಶಾಲೆಯಿಂದ ಈ ವರ್ಷ ಬಂದವಳು. ಮೂಲೆಯಲ್ಲಿ ಒಬ್ಬಳೇ ಕುಳಿತಿದ್ದಳು; ತಲೆ ಇನ್ನಷ್ಟು ತಗ್ಗಿತು. ಈ ಹೆಸರು ಅಂಟಿದರೆ ಮುಗಿಯಿತು, ವರ್ಷವಿಡೀ ಕೂಸಿಗೆ ಆ ಮೂಲೆಯೇ ಗತಿ. ಗದರಿಸು ಶಾಹೀನ್, ಎಂದು ನನ್ನ ಸಿಟ್ಟು ನೆತ್ತಿಗೇರಿತು.

ಅವಳು ಗದರಿಸಲಿಲ್ಲ. "ಮಾತಾಡಂಗಿಲ್ಲ, ಅದು ನೀ ಕಂಡದ್ದು. ಸೊಕ್ಕು ಎಲ್ಲಿ ಕಂಡಿ?" ಎಂದಳು.

ಲಕ್ಷ್ಮಿ ತಿರುಗಿ ಸಾವಿತ್ರಾಳನ್ನು ಮೇಲಿಂದ ಕೆಳಗೆ ನೋಡಿದಳು. ಎಲ್ಲೂ ಕಂಡಿರಲಿಲ್ಲ, ಪಾಪ.

ಆಗ ಮೂಲೆಯಿಂದ ಸಣ್ಣ ದನಿ ಬಂತು. "ಸೊಕ್ಕ ಇಲ್ಲ. ನಂದ ಕನ್ನಡ ತಪ್ಪತೈತಿ. ನೀವ ನಗತೀರಿ. ಮಲಾ ಲಾಜ ವಾಟತೆ." ನಾಚಿಕೆಯನ್ನು ಮಾತ್ರ ಅದು ಮರಾಠಿಯಲ್ಲೇ ಹೇಳಿತು.

ಯಾರೂ ನಗಲಿಲ್ಲ. ಲಕ್ಷ್ಮಿ ತನ್ನ ಪಾಟಿಚೀಲ ಎತ್ತಿ ಪಕ್ಕಕ್ಕಿಟ್ಟು, ಸರಿದು ಜಾಗ ಮಾಡಿದಳು. "ಬಾ ಇಲ್ಲಿ, ಕುಂದ್ರು. ನಂದೂ ಮರಾಠಿ ತಪ್ಪತೈತಿ."

ಸಾವಿತ್ರಾ ಎದ್ದು ಬಂದಳು. ಲಕ್ಷ್ಮಿಯದು ಎಂಥ ಗುಣ ಎಂದು ಶಾಹೀನ್ ಕೇಳಲಿಲ್ಲ. ಕೇಳಿದ್ದರೆ ನಾನೇ ಮೊದಲು ಕೈ ಎತ್ತುತ್ತಿದ್ದೆ.