ಬೆನ್ನು ಮಾಡಿ ಆರಿಸಿದ ಟಿವಿ

ಸಂಜೆ ಆರು ಗಂಟೆ ನಲವತ್ತೆರಡು ನಿಮಿಷಕ್ಕೆ ನಮ್ಮ ಪಡಸಾಲೆಯ ಗೋಡೆಯಿಂದ ಒಂದು ಚಿಟಿಕೆ ಮಣ್ಣು ಉದುರಿತು. ಹೊತ್ತು ಇಷ್ಟು ಖಚಿತವಾಗಿ ನೆನಪಿರಲು ಕಾರಣ, ಅದು ಬಿದ್ದದ್ದು ಟಿವಿಯ ಕೆಳಗಿದ್ದ ಸೆಟ್ ಟಾಪ್ ಬಾಕ್ಸಿನ ಮೇಲೆ, ಅದರ ಹಸಿರು ಅಂಕಿಗಳ ಎದುರಿಗೆ. ಹಲ್ಲಿ ಓಡಾಡಿರಬೇಕು ಅಂದುಕೊಂಡೆ. ಪಂಚಾಯ್ತಿ ಕಚೇರಿಯಿಂದ ಆಗಷ್ಟೇ ಬಂದಿದ್ದೆ, ಕೈಯಲ್ಲಿ ಚಹಾ ಇತ್ತು. ಮೂರು ವರ್ಷದ ಮಗಳು ಟಿವಿಯ ನೇರ ಕೆಳಗೆ ನಿಂತು, ಕಾರ್ಟೂನಿನ ಕರಡಿಯ ಮೂಗು ಮುಟ್ಟಲು ತುದಿಗಾಲ ಮೇಲೆ ಏರುತ್ತಿದ್ದಳು. ಅತ್ತೆ ನಮಗೆಲ್ಲ ಬೆನ್ನು ಹಾಕಿ, ಎದುರು ಗೋಡೆಯ ಮಗ್ಗದ ಮುಂದೆ ಕೂತಿದ್ದರು.

ಅತ್ತೆ ನವಲಗುಂದದ ಜಮಖಾನ ನೇಯುವವರು. ಅವರ ಅತ್ತೆಯಿಂದ ಕಲಿತ ಕೆಲಸ. ನಲವತ್ತು ವರ್ಷ ಪಳಗಿದ ಕೈ. ಮಗ್ಗ ನೆಟ್ಟಗೆ ನಿಲ್ಲುವಂಥದ್ದು, ಅದರ ಎರಡು ಕಂಬ ನೆಲದಲ್ಲಿ ಹೂತಿವೆ. ಅದರ ಮುಂದೆ ಕೂತವರಿಗೆ ಟಿವಿ ಕಾಣುವುದಿಲ್ಲ. ಹೀಗಾಗಿ ಅತ್ತೆ ಟಿವಿಯನ್ನು ನೋಡಿದವರಲ್ಲ, ಕೇಳಿದವರು. ಧಾರಾವಾಹಿಯ ಸೊಸೆ ಬಾಯಿ ತೆರೆದರೆ ಸಾಕು, ಎಳೆ ಎಣಿಸುತ್ತಲೇ "ಈಕಿ ಸುಳ್ಳು ಹೇಳಾಕತ್ತಾಳ" ಅನ್ನುತ್ತಿದ್ದರು. ನಾವು ಮುಖ ನೋಡಿಯೂ ಎರಡು ಕಂತು ತಡವಾಗಿ ತಿಳಿಯುತ್ತಿದ್ದೆವು. ನಮ್ಮ ಮನೆಯ ಮಾತು ಅರ್ಧ ಉರ್ದು, ಅರ್ಧ ಕನ್ನಡ. ಇಲ್ಲಿ ಕನ್ನಡದಲ್ಲೇ ಬರೆಯುತ್ತಿದ್ದೇನೆ.

ಆಮೇಲೆ ನಡೆದದ್ದನ್ನು ಈಗಲೂ ಮನಸ್ಸಿನಲ್ಲೇ ದಿನಕ್ಕೆ ಹತ್ತು ಸಲ ನೋಡುತ್ತೇನೆ. ಟಿವಿಯನ್ನು ಗೋಡೆಗೆ ಹಿಡಿದಿದ್ದ ಬ್ರಾಕೆಟ್ಟಿನ ಮೇಲಿನ ಸ್ಕ್ರೂ ಮೆಲ್ಲಗೆ ಹೊರಗೆ ಬರುತ್ತದೆ. ಟಿವಿ, ಹಿರಿಯರಿಗೆ ಸಲಾಮು ಮಾಡುವವರ ಹಾಗೆ, ಮುಂದಕ್ಕೆ ಬಾಗುತ್ತದೆ. ನಾನು ಅದನ್ನು ನೋಡುತ್ತಿದ್ದೇನೆ. ಕಾಲು ಏಳುವುದಿಲ್ಲ, ಚಹಾದ ಕಪ್ಪನ್ನು ಕೂಡ ಕೈ ಬಿಡುವುದಿಲ್ಲ. ಅಷ್ಟರಲ್ಲಿ ಅತ್ತೆ ಎದ್ದಾಗಿದೆ. ನೋಡುತ್ತಿದ್ದವಳು ನಾನು, ಎದ್ದವರು ಅವರು. ಎರಡು ಹೆಜ್ಜೆಯಲ್ಲಿ ಪಡಸಾಲೆ ದಾಟಿ, ಬಲಗೈಯಿಂದ ಮಗುವಿನ ಫ್ರಾಕು ಹಿಡಿದು ಹಿಂದಕ್ಕೆ ಎಳೆದು, ಬೀಳುತ್ತಿದ್ದ ಟಿವಿಗೆ ಎಡಗೈ ಅಡ್ಡ ಕೊಟ್ಟು ಪಕ್ಕಕ್ಕೆ ತಳ್ಳಿದರು. ಹದಿನೈದು ಕಿಲೊ ಹತ್ತಿರದ ಹಳೆಯ ಸೆಟ್ಟು. ನೆಲಕ್ಕೆ ಬಿದ್ದು ಒಡೆದ ಸದ್ದಿಗೆ ಓಣಿಯವರು ಬಂದರು. ಮಗಳು ಎಲ್ಲಿ ನಿಂತಿದ್ದಳೋ ಅದೇ ಜಾಗದಲ್ಲಿ ಗಾಜು ಹರಡಿತ್ತು.

"ನಿಮಗ ಹೆಂಗ ಗೊತ್ತಾತು, ಅಮ್ಮೀ?" ಎಂದು ಕೇಳಿದೆ. ಅವರ ಮೊಳಕೈಯಿಂದ ಮಣಿಕಟ್ಟಿನವರೆಗೆ ಆಗಲೇ ಕಪ್ಪುಗಟ್ಟುತ್ತಿತ್ತು.

"ಮಗ್ಗದ ಕಂಬ ಸಡ್ಲಾದಾಗ ಮಣ್ಣು ಹಿಂಗ ಸಪ್ಪಳಾ ಮಾಡತೈತಿ. ಕಂಬ ಗಟ್ಟಿ ಇತ್ತು. ಮತ್ತ ಇನ್ನೇನು ಸಡ್ಲಾತು ಅಂತ ತಿರುಗಿದ್ನಿ."

ಆ ಮಣ್ಣಿನ ಸದ್ದು ನನಗೂ ಕೇಳಬೇಕಿತ್ತು, ಏಕೆಂದರೆ ತಪ್ಪು ನನ್ನದು. ಟಿವಿ ಹಾಕಲು ಬಂದ ಮೆಕ್ಯಾನಿಕ್ ಗೋಡೆ ತಟ್ಟಿ, "ಇಟ್ಟಂಗಿ ಗ್ವಾಡಿ ಹೌದಲ್ರಿ, ಮೇಡಂ?" ಎಂದು ಕೇಳಿದ್ದ. ನಾನು "ಹೌದ್ರಿ, ಪಕ್ಕಾ" ಅಂದಿದ್ದೆ. ನಮ್ಮ ಮದುವೆಗೆ ಮುಂಚೆ ಗೋಡೆಗೆ ಸಿಮೆಂಟ್ ಬಳಿಸಿದ್ದರು, ಮೇಲೆ ತಿಳಿಹಸಿರು ಬಣ್ಣ. ಆದರೆ ಕಿಟಕಿಯ ಕಟ್ಟೆಯ ಮೇಲೆ ಎರಡು ಕೊಡ ಒಂದರ ಹಿಂದೆ ಒಂದು ಕೂರುತ್ತವೆ. ಇಟ್ಟಿಗೆಯ ಗೋಡೆ ಅಷ್ಟು ದಪ್ಪ ಇರುವುದಿಲ್ಲ ಎಂದು ನನಗೆ ಗೊತ್ತಿತ್ತು. ಪದವಿ ಓದಿದವಳು, ಹೊರಗಿನವನ ಮುಂದೆ "ಮಣ್ಣಿನ ಮನೆ" ಎನ್ನಲು ನಾಲಿಗೆ ಏಳಲಿಲ್ಲ, ಅಷ್ಟೇ. ಅವನು ಸಿಮೆಂಟಿನ ತೆಳು ಪದರಕ್ಕೆ ಸ್ಕ್ರೂ ಕಚ್ಚಿಸಿ ಹೋದ.

ಗೋಡೆಯ ತೂತಿನಿಂದ ಹುಲ್ಲು ಬೆರೆತ ಮಣ್ಣು ಇನ್ನೂ ಸುರಿಯುತ್ತಿರುವಾಗ ಇದನ್ನು ಅತ್ತೆಗೆ ಹೇಳಿದೆ. ಅವರು ಬೈಯುತ್ತಾರೆ ಅಂದುಕೊಂಡಿದ್ದೆ.

"ಪಕ್ಕಾ ಅಂದೀ? ಖರೇನ ಅಂದೀ. ನನ್ನ ಮಾವ ಕಟ್ಟಿದ ಗ್ವಾಡಿ ಅದು, ಪಕ್ಕಾನ ಐತಿ. ನಿನ್ನ ಮೊಳಿ ಕಚ್ಚಾ."

ಆಮೇಲಿನ ದಿನಗಳಲ್ಲಿ ಮಗಳು ಪಡಸಾಲೆಗೆ ಕಾಲಿಡಲಿಲ್ಲ. ಅಡುಗೆಮನೆಯಿಂದ ಅಂಗಳಕ್ಕೆ ಹೋಗಬೇಕಾದರೆ ಹಿತ್ತಲು ಸುತ್ತಿ ಹೋಗುತ್ತಿದ್ದಳು. ನಿದ್ದೆಯಲ್ಲಿ ಕಿರುಚುತ್ತಿದ್ದಳು. ನಾನಂತೂ ಮಲಗಿದಲ್ಲೇ ಗೋಡೆಯ ಕಡೆ ಕಿವಿ ಇಟ್ಟು ಬೆಳಕು ಹರಿಸುತ್ತಿದ್ದೆ. ಇನ್ನು ಈ ಮನೆಗೆ ಟಿವಿ ಬೇಡ ಅಂದೆ. ಟ್ರ್ಯಾಕ್ಟರ್ ಬಿಡಿಭಾಗದ ಅಂಗಡಿ ಇಟ್ಟಿರುವ ನನ್ನ ಗಂಡನೂ "ಒಂದು ವರ್ಷ ಬ್ಯಾಡ ಬಿಡು" ಅಂದರು.

ಅತ್ತೆ ಒಪ್ಪಲಿಲ್ಲ. "ಟಿವಿ ನಾ ನೋಡೂದೂ ಇಲ್ಲ, ನನಗೇನು. ಆದ್ರ ಆ ಜಾಗಾ ಖಾಲಿ ಇದ್ರ ಕೂಸು ಅಲ್ಲಿ ಬಿದ್ದದ್ದನ್ನ ನೋಡತೈತಿ. ಬೀಳಲಾರದ್ದೊಂದು ಅಲ್ಲಿ ನಿಂದರಬೇಕು. ಇಲ್ಲಂದ್ರ ಆ ಹುಡುಗಿ ಜನ್ಮ ಪೂರ್ತಿ ಹಿತ್ತಲಾಗ ಸುತ್ತತಾಳ."

ಭಾನುವಾರ ನಾವಿಬ್ಬರೂ ಬಸ್ಸು ಹಿಡಿದು ಹುಬ್ಬಳ್ಳಿಗೆ ಹೋದೆವು. ದೊಡ್ಡ ಅಂಗಡಿ, ಒಂದು ಗೋಡೆಯ ತುಂಬ ಟಿವಿಗಳು, ಎಲ್ಲದರಲ್ಲೂ ಒಂದೇ ಗಿಳಿ. ಟೈ ಕಟ್ಟಿದ ಮಾರಾಟಗಾರ ಬಂದ.

"ಎಷ್ಟು ಇಂಚು ಬೇಕ್ರಿ, ಅಮ್ಮಾರ?"

"ಎಷ್ಟು ಕಿಲೊ ಐತಿ, ಅದನ್ನ ಹೇಳು."

"ಕಿಲೊ ಯಾರೂ ಕೇಳಂಗಿಲ್ರಿ."

"ಹಿಂದಿಂದು ನಾ ಕೈಯಾಗ ಹಿಡದೇನಿ. ಅದಕ್ಕ ಕೇಳಾಕತ್ತೇನಿ."

ಅವನು ನನ್ನ ಮುಖ ನೋಡಿದ. ಅತ್ತೆ ಆಗಲೇ ಸಾಲಿನ ಮೊದಲ ಟಿವಿಯ ತಲೆಯ ಮೇಲೆ ಬೆರಳಿಟ್ಟು ನೂಕಿದರು. ಅದು ತನ್ನ ಎರಡು ತೆಳು ಕಾಲಿನ ಮೇಲೆ ಗಡಗಡ ಅಲುಗಿತು.

"ಅಮ್ಮಾರ, ಕೈ ಹಚ್ಚಬ್ಯಾಡ್ರಿ."

"ನಮ್ಮ ಮನ್ಯಾಗ ಮೂರು ವರ್ಷದ್ದೊಂದು ಐತಿ. ಅದು ನಿನ್ನ ಕೇಳಿ ಕೈ ಹಚ್ಚಂಗಿಲ್ಲ."

ಹೀಗೆ ಸಾಲು ಪೂರ್ತಿ ನೂಕಿ, ಅಲುಗಾಡಿದ್ದನ್ನೆಲ್ಲ ಬಿಟ್ಟರು. ಐದು ಉಳಿದವು. ಆಗ ಅವರು ಟಿವಿಗಳಿಗೆ ಬೆನ್ನು ಮಾಡಿ, ಸೆರಗು ಕಿವಿಯ ಹಿಂದೆ ಸರಿಸಿ ನಿಂತರು. ಮಾರಾಟಗಾರ ಗಾಬರಿಯಿಂದ ನನ್ನ ಹತ್ತಿರ ಬಂದು, "ಅಮ್ಮಾರು ಸಿಟ್ಟಾದ್ರೇನ್ರಿ?" ಅಂದ.

"ಇಲ್ರಿ. ಟಿವಿ ನೋಡಾಕತ್ತಾರ. ಒಂದೊಂದ ಹಚ್ಚರಿ, ಸುದ್ದಿ ಓದೂ ಚಾನೆಲ್ ಇಡ್ರಿ."

ಅವನು ಒಂದೊಂದೇ ಹಚ್ಚಿದ. ಎದುರು ಗೋಡೆಯ ಕಡೆ ಮುಖ ಮಾಡಿಯೇ ಅತ್ತೆ ತೀರ್ಪು ಕೊಡುತ್ತ ಹೋದರು. "ಇದು ಗಡಿಗ್ಯಾಗ ತಲಿ ಹಾಕಿ ಮಾತಾಡಿದಂಗ." "ಇದರಾಗ ಗಂಡ್ಸು ಹೆಂಗ್ಸು ಒಂದ ದನಿ." ಎಲ್ಲಕ್ಕಿಂತ ಚಂದದ್ದು, ಹಪ್ಪಳದಷ್ಟು ತೆಳುವಾದದ್ದು ಬಂದಾಗ, "ಇದಕ್ಕ ನೆಗಡಿ ಆಗೇತಿ" ಅಂದರು. ಫ್ರಿಜ್ ನೋಡಲು ಬಂದಿದ್ದ ಒಂದು ಸಂಸಾರ ಅದನ್ನು ಬಿಟ್ಟು ನಮ್ಮ ಹತ್ತಿರ ಬಂದು ನಿಂತಿತು.

ಮೂಲೆಯಲ್ಲಿದ್ದದ್ದು ಮೂವತ್ತೆರಡು ಇಂಚಿನದು, ಹಳೆಯ ಮಾದರಿ, ಸ್ವಲ್ಪ ದಪ್ಪ. ಕೆಳಗೆ ಅಗಲವಾದ ಒಂದೇ ಪಾದ, ದನಿ ಬರುವ ಜಾಲರಿ ಮುಂದಕ್ಕೇ ಇತ್ತು. ಅದನ್ನು ಹಚ್ಚಿದಾಗ ಅತ್ತೆ ಎರಡು ಸುದ್ದಿ ಪೂರ್ತಿ ಕೇಳಿದರು. "ಇದು. ಇದು ನನ್ನ ಕಡೆ ತಿರುಗಿ ಮಾತಾಡತೈತಿ."

ಮಾರಾಟಗಾರ ತಾನೂ ಬೆನ್ನು ತಿರುಗಿಸಿ ನಿಂತು, ಕಣ್ಣು ಮುಚ್ಚಿ ಕೇಳಿದ. ಮತ್ತೆ ತೆಳ್ಳಗಿನದನ್ನು ಹಚ್ಚಿ ಕೇಳಿದ. "ಎಂಟು ವರ್ಷ ಆತ್ರಿ ಇಲ್ಲಿ ಬಂದು," ಅಂದ, "ಹಿಂಗ ಒಮ್ಮೆರ ಕೇಳಿರಲಿಲ್ಲ ನೋಡ್ರಿ ನಾ."

ಸುತ್ತ ನಿಂತವರು ಅತ್ತೆಯನ್ನು ನೋಡುತ್ತಿದ್ದರು. ಅವರ ಎಡಗೈಯ ಕಲೆ ಇನ್ನೂ ಮಾಸಿರಲಿಲ್ಲ. ಇವರು ನನ್ನ ಅತ್ತೆ ಎಂದು ಅಷ್ಟೂ ಜನಕ್ಕೆ ಹೇಳಬೇಕು ಅನ್ನಿಸಿತು. ಅಷ್ಟರಲ್ಲಿ ಬಿಲ್ ಬರೆಯುತ್ತಿದ್ದವನು ತಲೆ ಎತ್ತಿ, "ಬ್ರಾಕೆಟ್ ಪುಕ್ಕಟ ಐತ್ರಿ. ನಿಮ್ದು ಪಕ್ಕಾ ಗ್ವಾಡಿ ಹೌದಲ್ರಿ?" ಅಂದ.

"ಅಲ್ರಿ," ಅಂದೆ. ದನಿ ನಾನಂದುಕೊಂಡದ್ದಕ್ಕಿಂತ ಜೋರಾಗಿ ಬಂತು. "ನಮ್ದು ಮಣ್ಣಿನ ಗ್ವಾಡಿ. ಒಂದೂವರಿ ಮೊಳ ದಪ್ಪ. ಬ್ರಾಕೆಟ್ ಬ್ಯಾಡ್ರಿ."

ಅತ್ತೆ ಸೆರಗು ಸರಿಮಾಡಿಕೊಂಡರು. ನನ್ನ ಕಡೆ ನೋಡಲಿಲ್ಲ, ಆದರೆ ಬಸ್ಸಿನಲ್ಲಿ ಕಿಟಕಿಯ ಪಕ್ಕದ ಸೀಟು ನನಗೆ ಬಿಟ್ಟುಕೊಟ್ಟರು.

ಟಿವಿ ಮನೆಗೆ ಬರುವುದರೊಳಗೆ ಅತ್ತೆ ಬಡಿಗೇರನನ್ನು ಕರೆಸಿದ್ದರು. ನೆಲದ ಎರಡು ಕಲ್ಲು ಕೀಳಿಸಿ, ಮಗ್ಗಕ್ಕೆ ಮಾಡುವಂತೆಯೇ ಎರಡು ಜಾಲಿಯ ಕಂಬ ಹೂಳಿಸಿ, ಸುತ್ತ ಗರಸುಮಣ್ಣು ತುಂಬಿ ಬಡಿಸಿದರು. ನಡುವೆ ದಪ್ಪ ಹಲಗೆ. ಟಿವಿಯನ್ನು ಅದರ ಮೇಲೆ ಕೂರಿಸಿ, ಮಗ್ಗದ ಹಾಸಿನ ದಾರವನ್ನು ಎಂಟು ಎಳೆ ಹೊಸೆದು ಬೆನ್ನಿನಿಂದ ಕಂಬಕ್ಕೆ ಬಿಗಿದರು. ಗೋಡೆಗೆ ಏನೂ ತಾಗಲಿಲ್ಲ. ಅದರ ತೂತನ್ನು ಹುಲ್ಲು ಮಣ್ಣು ಕಲಸಿ ತಾವೇ ಮೆತ್ತಿದರು. ಸಿಮೆಂಟ್ ಹಚ್ಚಲು ಬಿಡಲಿಲ್ಲ.

ಮೊದಲ ದಿನ ಮಗಳು ಹೊಸ್ತಿಲಿನಾಚೆ ನಿಂತು ನೋಡಿದಳು. ಅತ್ತೆ ಅವಳನ್ನು ಕರೆಯಲಿಲ್ಲ. "ಬಾರೋ, ನೂಕು" ಎಂದು ನನ್ನ ಗಂಡನಿಗೆ ಹೇಳಿದರು. ಅವರು ನೂಕಿದರು. "ನೀನೂ ನೂಕು" ಅಂದರು ನನಗೆ. ನಾನೂ ನೂಕಿದೆ. ಅಲುಗಲಿಲ್ಲ. ಮರುದಿನವೂ ಇದೇ ಆಟ, ಅದರ ಮರುದಿನವೂ. ನಾಲ್ಕನೆಯ ದಿನ, ಮಂಗಳವಾರ ಸಂಜೆ, ಮಗಳು ಹೊಸ್ತಿಲು ದಾಟಿ ಬಂದಳು.

"ದಾದಿ, ನಾನೂ," ಎಂದಳು ಅಜ್ಜಿಗೆ.

"ನಿನ್ನ ಕೈಲಿ ಆಗಂಗಿಲ್ಲ ಬಿಡು, ಇಲಿಮರಿ."

ಅವಳಿಗೆ ಸಿಟ್ಟು ಬಂತು. ಎರಡೂ ಕೈಯಿಂದ ನೂಕಿದಳು, ಬೆನ್ನು ಕೊಟ್ಟು ನೂಕಿದಳು, ಕೊನೆಗೆ ಕಂಬ ಹಿಡಿದು ಜೋತುಬಿದ್ದಳು. "ಬೀಳವಲ್ದು," ಎಂದು ನಮಗೆಲ್ಲ ವರದಿ ಕೊಟ್ಟು, ಟಿವಿಯ ಕೆಳಗೇ ಕಾಲು ಚಾಚಿ ಕೂತು, ಬಿಸ್ಕೀಟು ಕೇಳಿದಳು.

ಮರುದಿನ ಬುಧವಾರ ನಾನು ಕಣ್ಣು ಬಿಟ್ಟಾಗ ಅಂಗಳದ ತುಂಬ ಬಿಸಿಲು. ಮಗಳು ನನ್ನ ಪಕ್ಕದಲ್ಲಿ ಬಾಯಿ ತೆರೆದು ಮಲಗಿದ್ದಳು. ರಾತ್ರಿಯೆಲ್ಲ ಒಮ್ಮೆಯೂ ಎದ್ದಿರಲಿಲ್ಲ, ನನ್ನನ್ನೂ ಎಬ್ಬಿಸಿರಲಿಲ್ಲ. ಕಚೇರಿಯ ಬಸ್ಸು ಹೋಗಿ ತಾಸಾಗಿತ್ತು. ಗಡಿಬಿಡಿಯಿಂದ ಹೊರಗೆ ಬಂದರೆ ಅತ್ತೆ ರೊಟ್ಟಿ ಬಡಿಯುತ್ತಿದ್ದರು.

"ಯಾಕ ಎಬ್ಬಿಸಲಿಲ್ರಿ, ಅಮ್ಮೀ?"

"ನಿನ್ನ ಗಂಡ ಎಬ್ಬಸಾಕ ಬಂದಿದ್ದ. ನಾನ ಓಡಿಸಿದ್ನಿ," ಅಂದರು. "ಹೋಗು, ಇನ್ನಾ ತಾಸೊತ್ತು ಮಲ್ಕೊ."

ಹೋಗಿ ಮಲಗಿದೆ.