ಅಟ್ಟದಿಂದ ಇಳಿದ ನಾಲ್ಕು ಚಂದ್ರಿಕೆ

ನನ್ನ ಹೆಂಡತಿ ಪವಿತ್ರ ಕಲಾವಿದೆ. ಬರೀ ಬಣ್ಣ ಸಾಲದು ಅವಳಿಗೆ. ಹಳೇ ಸೀರೆ, ಬಸ್ ಟಿಕೆಟ್ಟು, ಹಿಪ್ಪುನೇರಳೆ ತೊಗಟೆ, ಎಲ್ಲ ಬೇಕು. ಚಿಂತಾಮಣಿಯ ಶಾಲೆಯೊಂದರಲ್ಲಿ ಡ್ರಾಯಿಂಗ್ ಹೇಳಿಕೊಡುತ್ತ, ಎಂಟು ವರ್ಷದಿಂದ ಅವನ್ನೆಲ್ಲ ಅಂಟಿಸಿ ಚಿತ್ರ ಮಾಡುತ್ತಲೇ ಇದ್ದಾಳೆ. ಚಿಕ್ಕಬಳ್ಳಾಪುರದಲ್ಲೊಂದು ಪ್ರದರ್ಶನವಾಯಿತು, ಬಂದವರು ಕಾಫಿ ಕುಡಿದು ಹೋದರು. ಈ ವರ್ಷ ಬೆಂಗಳೂರಿನ ಗ್ಯಾಲರಿಯವರು ಮೊದಲ ಸಲ ದೊಡ್ಡ ಕೆಲಸ ಕೇಳಿದರು.

ಅದಕ್ಕೆ ಅವಳು ಆರಿಸಿಕೊಂಡದ್ದು ಚಂದ್ರಿಕೆ. ಸೊಪ್ಪು ತಿಂದು ಹಣ್ಣಾದ ರೇಷ್ಮೆಹುಳುಗಳನ್ನು ಗೂಡು ಕಟ್ಟಲೆಂದು ಬಿಡುವ, ಸುರುಳಿ ಸುತ್ತಿದ ಬಿದಿರಿನ ತಟ್ಟಿ. ಶಿಡ್ಲಘಟ್ಟದ ಹತ್ತಿರ ನಮ್ಮೂರು; ನನ್ನಮ್ಮ ಶ್ಯಾಮಲಮ್ಮ ನಲವತ್ತು ವರ್ಷದಿಂದ ಹುಳು ಸಾಕುತ್ತಿರುವವಳು. ಅವಳನ್ನು ಕೇಳದೆ ಅಟ್ಟದಿಂದ ನಾಲ್ಕು ಚಂದ್ರಿಕೆ ಇಳಿಸಿಕೊಟ್ಟ ಮಹಾನುಭಾವ ನಾನೇ.

ಆ ಶುಕ್ರವಾರ, ಸೆಕೆಗೆ ಹುಳು ಒಂದು ದಿನ ಮೊದಲೇ ಹಣ್ಣಾದವು.

"ಲೋ ರಮೇಶ, ಚಂದ್ರಿಕೆ ಎಲ್ಲಾ ಇಳ್ಸೋ!" ಎಂದು ಅಮ್ಮ ಕೂಗಿದಳು.

ಇದ್ದಷ್ಟನ್ನು ಇಳಿಸಿಟ್ಟೆ. ಚಂದ್ರಿಕೆ ಸಿಗದಿದ್ದರೆ ಹುಳು ಸೊಪ್ಪಿನ ಕಸದಲ್ಲೇ ನೂಲು ಚೆಲ್ಲಿ ಹಾಳಾಗುತ್ತವೆ. ಎರವಲು ತರೋಣವೆಂದರೆ ಊರಿಗೆಲ್ಲ ಒಂದೇ ದಿನ ಮರಿಹುಳು ಬಂದದ್ದು, ಎಲ್ಲರ ಮನೆಯಲ್ಲೂ ಇದೇ ಗಡಿಬಿಡಿ. "ನಿನ್ನ ಅಂಟಿಸೋ ಕೆಲಸ ಸಾಕು ಕಣೇ" ಎಂದು ಅಮ್ಮ ಒಂದು ಮಾತು ಅಂದರೆ, ಪವಿತ್ರಳ ಎಂಟು ವರ್ಷ ಅಲ್ಲಿಗೇ ಮುಗಿಯಿತು.

"ರೀ, ಏನಾದ್ರೂ ಹೇಳ್ರೀ," ಎಂದಳು ಪವಿತ್ರ, ಪಿಸುದನಿಯಲ್ಲಿ.

"ನಾನಾ? ನೀನೇ ಹೇಳು ಮಾರಾಯ್ತಿ!"

ಅಮ್ಮ ಎಣಿಸಿ ತಲೆಯೆತ್ತಿದಳು. "ಇನ್ನು ನಾಕೆಲ್ಲೋ?"

ನಾನು ಗೋಡೆಯ ಹಲ್ಲಿ ನೋಡಿದೆ. "ನಾನು ತಗೊಂಡೆ ಅಮ್ಮ," ಎಂದಳು ಪವಿತ್ರ. ನನ್ನ ಹೆಸರೆತ್ತಲಿಲ್ಲ. ಥೂ, ನಾಚಿಕೆಯಾಯಿತು ನನಗೆ.

ಹಿಂದಿನ ಕೋಣೆಗೆ ಅಮ್ಮನನ್ನು ಕರೆದೊಯ್ದು ಚಿತ್ರದ ಮುಸುಕು ತೆಗೆದಳು. ಜೋಡಿಸಿದ ನಾಲ್ಕು ಚಂದ್ರಿಕೆಗಳ ತುಂಬ ಅಮ್ಮನೇ ಕೂತಿದ್ದಳು, ಅವಳದೇ ಹಳೇ ಸೀರೆಯ ಚೂರುಗಳಲ್ಲಿ. ಅಮ್ಮ ಬಗ್ಗಿ ಮೂಸಿ ನೋಡಿದಳು.

"ವಾರ್ನಿಷ್ ಹೊಡ್ದಿದ್ಯಾ?"

"ಇಲ್ಲಮ್ಮ. ಮೈದಾ ಅಂಟು, ಅರಿಶಿನ, ಅಷ್ಟೇ."

"ಬದುಕ್ಕೊಂಡ್ವು, ಇಲ್ದಿದ್ರೆ ಆ ವಾಸ್ನೆಗೇ ಸಾಯ್ತಿದ್ವು. ಹುಳ ತಗೊಂಬಾ. ನನ್ನ ಮುಖದ ಮೇಲೂ ಬಿಡು."

ಮುಂದಿನ ಗುರುವಾರ ಗ್ಯಾಲರಿಯ ವ್ಯಾನು ಬಂತು. ಅಷ್ಟರಲ್ಲಿ ಅಮ್ಮ ಎಲ್ಲ ಗೂಡು ಬಿಡಿಸಿ ಮಾರುಕಟ್ಟೆಗೆ ಮೂಟೆ ಕಟ್ಟಿದ್ದಳು. ಚಿತ್ರದ ಮುಖದ ಮೇಲಿನವನ್ನು ಮಾತ್ರ ಮುಟ್ಟಿರಲಿಲ್ಲ.

ಪವಿತ್ರಳಿಗೆ ಮತ್ತೆ ದಿಗಿಲು. "ಅವನ್ನೂ ಬಿಡಿಸ್ಬೇಕಮ್ಮ. ಒಳಗಿಂದ ಚಿಟ್ಟೆ ತೂತು ಮಾಡ್ಕೊಂಡು ಬರ್ತಾವೆ, ನಿಮ್ಮ ಮುಖವೆಲ್ಲ ಹಾಳಾಗತ್ತೆ."

"ನಲವತ್ತು ವರ್ಷದಲ್ಲಿ ಒಂದನ್ನೂ ಚಿಟ್ಟೆ ಆಗಕ್ಕೆ ಬಿಟ್ಟಿಲ್ಲ ಕಣಮ್ಮ, ಎಲ್ಲಾ ನೂಲು ಬಿಚ್ಚೋ ಬಿಸಿನೀರಿಗೇ ಕಳ್ಸಿದ್ದೀನಿ," ಎಂದಳು ಅಮ್ಮ. ಚಿತ್ರದ ಕೆನ್ನೆಯ ಮೇಲಿನ ಒಂದು ಗೂಡನ್ನು ಬೆರಳಿಂದ ಸವರಿದಳು. "ಸತ್ಮೇಲೆ ಅವೆಲ್ಲಾ ಎದುರಿಗೆ ಬಂದು ನಿಲ್ತಾವೇನೋ ಅಂತ ಭಯ ನಂಗೆ. ಇಷ್ಟಾದ್ರೂ ಈಚೆ ಬರ್ಲಿ."

ಪವಿತ್ರ ಕಣ್ಣೊರೆಸಿಕೊಂಡು ವ್ಯಾನಿನವನ ಕಡೆ ತಿರುಗಿದಳು. "ಹುಷಾರಾಗಿ ಎತ್ತಪ್ಪ, ಒಳಗೆ ಜೀವ ಇದೆ," ಎಂದಳು.